ಡಯಾಲಿಸಿಸ್ ನಡೆಯುತ್ತಿರುವ ಮನೆಯಲ್ಲಿ ಆನಂದ, ಭರವಸೆ: ತಿಳಿದವರು ಹೇಳಿ

ಕೇಳಿದವರು: ಯಜಮಾನರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಕಷ್ಟವನ್ನು ಆನಂದವೆಂದು ಎಣಿಸಬೇಕು ಅಂತ ಸತ್ಯವೇದದ ಯಾಕೋಬನ ಪತ್ರಿಕೆಯಲ್ಲಿದೆ. ನನಗೆ ಪ್ರಾರ್ಥನೆಗೆ ಕೂತರೆ ಅಳುವೇ ಬರುತ್ತದೆ. ಇದು ಅವಿಶ್ವಾಸವೇ?

ಸತ್ಯವೇದ ಪಾಠ ಮಾಡುವವರು: ಅಲ್ಲ ಅಕ್ಕ. 13ನೇ ಕೀರ್ತನೆ ತೆಗೆಯಿರಿ, ಆರೇ ವಚನ. ಮೊದಲೆರಡರಲ್ಲಿ, ಇನ್ನೂ ಎಷ್ಟು ಕಾಲ ಅಂತ ನಾಲ್ಕು ಸಲ ದೇವರನ್ನೇ ಕೇಳಿದೆ. 3, 4ರಲ್ಲಿ ಬೇಡಿಕೆ. ಭರವಸೆ, ಹಾಡು ಬರುವುದು 5, 6ರಲ್ಲಿ. ಇದೇ ಕ್ರಮದಲ್ಲಿ ಪ್ರಾರ್ಥಿಸಿ. ಮೊದಲು ದೂರನ್ನು ಇದ್ದಹಾಗೇ ಹೇಳಿ. ಆಮೇಲೆ ಇವತ್ತಿಗೆ ಬೇಕಾದ ಒಂದನ್ನೇ ಕೇಳಿ: ಮಧ್ಯದಲ್ಲಿ ಬಿ.ಪಿ. ಇಳಿಯದಿರಲಿ, ಕಾಲು ಸೆಳೆತ ಬಾರದಿರಲಿ. ಕೊನೆಗೆ, ಹಿಂದೆ ದೇವರು ನಡೆಸಿದ ಒಂದು ಸಂಗತಿ ನೆನೆದು ಸ್ತೋತ್ರ ಸಲ್ಲಿಸಿ. ಹತ್ತು ನಿಮಿಷ ಸಾಕು. ಬಹಳ ಜನ ಎಡವುವುದು ನೇರ 5ನೇ ವಚನಕ್ಕೆ ಹಾರುವುದರಿಂದ; ದೂರು ಒಳಗೇ ಉಳಿದು ಸ್ತೋತ್ರ ಬರೀ ಬಾಯಿಮಾತಾಗುತ್ತದೆ. ಅಲ್ಲಿಯವರೆಗೆ ತಲುಪಲಾಗದ ದಿನ 88ನೇ ಕೀರ್ತನೆ ಓದಿ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಅದು ಪ್ರಾರ್ಥನೆಯೇ.

ಯಾಕೋಬನೂ ನೋವೇ ಆನಂದ ಅಂದಿಲ್ಲ. ಪರೀಕ್ಷೆಯಿಂದ ತಾಳ್ಮೆ ಹುಟ್ಟುತ್ತದೆ ಎಂದು ಬಲ್ಲದ್ದರಿಂದ ಆನಂದ. ಮುಂದೆ ಅದೇ ಪತ್ರಿಕೆಯ 1ನೇ ಅಧ್ಯಾಯದ 5ನೇ ವಚನ ಬಿಡಬೇಡಿ: ಜ್ಞಾನ ಕೇಳಿದರೆ ದೇವರು ಹಂಗಿಸದೆ ಕೊಡುತ್ತಾನೆ. ಸಾಲ ಮಾಡಬೇಕೋ, ಆಸ್ಪತ್ರೆಯ ಮೂಲಕ ರಾಜ್ಯದ ಅಂಗಾಂಗ ದಾನ ಸಂಸ್ಥೆ ಜೀವಸಾರ್ಥಕತೆಯಲ್ಲಿ ಕಿಡ್ನಿ ಕಸಿಗೆ ಹೆಸರು ಬರೆಸಬೇಕೋ, ಇವೆಲ್ಲ ಆ ವಚನ ಹಿಡಿದು ಕೇಳುವ ಪ್ರಶ್ನೆಗಳೇ.

ಡಯಾಲಿಸಿಸ್ ಘಟಕದ ನರ್ಸ್: ದೇವರು ವಾಸಿಮಾಡುತ್ತಾನೆಂದು ಒಂದು ಸರದಿಯನ್ನೂ ತಪ್ಪಿಸಬೇಡಿ. ನೀರು, ಪೊಟ್ಯಾಸಿಯಂ ಮೈಯಲ್ಲಿ ಉಳಿದರೆ ಉಸಿರು ಕಟ್ಟುತ್ತದೆ, ಹೃದಯದ ಬಡಿತವೇ ಏರುಪೇರಾಗುತ್ತದೆ. ಪ್ರಾರ್ಥನೆಗೆ ಬರುವವರು ಪ್ರೀತಿಯಿಂದ ಎಳನೀರು, ಬಾಳೆಹಣ್ಣು ತರುತ್ತಾರೆ. ಎರಡರಲ್ಲೂ ಪೊಟ್ಯಾಸಿಯಂ ಜಾಸ್ತಿ, ಮೊದಲೇ ಹೇಳಿಡಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತಗೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಪ್ರಾರ್ಥನೆ ಹಿಡಿಯಬಾರದು, ಸಕ್ಕರೆ ಕುಸಿಯುತ್ತದೆ.

ನಿಮಗೂ ಒಂದು ಮಾತು. 1 ಅರಸುಗಳು 19ರಲ್ಲಿ ಪ್ರವಾದಿ ಎಲೀಯ ಸಾವು ಬೇಡಿದಾಗ ದೇವದೂತ ಉಪದೇಶ ಮಾಡಲಿಲ್ಲ. ಎರಡು ಸಲ ಎಬ್ಬಿಸಿ ಊಟ ಕೊಟ್ಟ, ನಡುವೆ ನಿದ್ದೆ ಮಾಡಲು ಬಿಟ್ಟ. ಯಂತ್ರ ಓಡುವ ನಾಲ್ಕು ಗಂಟೆ ಬಾಗಿಲಲ್ಲಿ ನಿಲ್ಲಬೇಡಿ. ಊಟ ಮಾಡಿ, ಮಲಗಿ. ಎರಡು ವಾರ ಕಳೆದರೂ ನಿದ್ದೆ ಇಲ್ಲ, ಏನೂ ಬೇಡ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಇದರಿಂದ ವಿಶ್ವಾಸಕ್ಕೆ ಕುಂದಿಲ್ಲ.

ಸಭೆಯ ಹಿರಿಯರು: ನೋಡಲು ಬರುವವರಿಗೆ ಈ ಮಾತು. ಸತ್ಯವೇದದಲ್ಲಿ ಎಲ್ಲವನ್ನೂ ಕಳಕೊಂಡು ನರಳುತ್ತಿದ್ದ ಯೋಬನ ಸ್ನೇಹಿತರು ಏಳು ದಿನ ಸುಮ್ಮನೆ ನೆಲದ ಮೇಲೆ ಕೂತಿದ್ದಷ್ಟೇ ಸರಿಯಿತ್ತು, ಬಾಯಿ ತೆರೆದ ಮೇಲೆ ಕೆಟ್ಟಿತು. ‘ವಿಶ್ವಾಸ ಸಾಲದು’ ಅನ್ನಬೇಡಿ. ವಾರದ ಮೂರು ಸರದಿಯಲ್ಲಿ ಒಂದಕ್ಕೆ ನೀವು ಜೊತೆಗೆ ಹೋಗಿ, ಅಕ್ಕ ಮನೆಯಲ್ಲಿರಲಿ.