ಫಾದರ್‌ಗೆ ಕನ್ನಡ ಅಷ್ಟಕ್ಕಷ್ಟೇ, ನಾನೊಂದು ಪಾಪ ಮರೆತೆ. ಈ ಕನ್ಫೆಷನ್ ಲೆಕ್ಕಕ್ಕೆ ಬರುತ್ತಾ?

ಹಳೇಬಸ್ಸು:
ಎಲ್ರಿಗೂ ನಮಸ್ಕಾರ. ಒಂದು ವಾರದಿಂದ ತಲೆ ತಿಂತಿದೆ ಇದು. ಈಸ್ಟರ್ ಹಬ್ಬಕ್ಕೆ ಒಂದು ವಾರ ಮುಂಚೆ ಬರೋ ಗರಿಗಳ ಭಾನುವಾರದ ಹಿಂದಿನ ದಿನ ನಮ್ಮ ಚರ್ಚಲ್ಲಿ ಪಾಪನಿವೇದನೆಗೆ (ಫಾದರ್ ಹತ್ರ ಪಾಪ ಹೇಳಿ ಕ್ಷಮೆ ತಗೊಳ್ಳೋ ಕನ್ಫೆಷನ್) ಅಂತ ಹೊರಗಿಂದ ಮೂರ್ನಾಲ್ಕು ಫಾದರ್‌ಗಳನ್ನ ಕರೆಸಿದ್ರು. ನಾನು ಎಂಟು ವರ್ಷ ಆದ್ಮೇಲೆ ಹೋಗಿದ್ದು, ಹೆಂಡ್ತಿ ಕಾಟಕ್ಕೆ ಅಂತಾನೇ ಇಟ್ಕೊಳ್ಳಿ. ನಾನು ನಿಂತ ಸಾಲಿನ ಫಾದರ್ ಬೇರೆ ರಾಜ್ಯದವರು, ನಾನು ಹೇಳಿದ್ದಕ್ಕೆಲ್ಲ ಹಾಂ ಹಾಂ ಅಂತಿದ್ರು, ಆಚೆ ಕಡೆ ಕಾಯರ್‌ನವರು ಕೀಬೋರ್ಡ್ ಟೆಸ್ಟ್ ಮಾಡ್ತಿದ್ರು, ಎಷ್ಟು ಕೇಳಿಸ್ತೋ ಎಷ್ಟು ಅರ್ಥ ಆಯ್ತೋ ದೇವರಿಗೇ ಗೊತ್ತು. ಕೊನೆಗೆ ಕೈ ಎತ್ತಿ ಇಂಗ್ಲಿಷಲ್ಲಿ ಏನೋ ಫಾಸ್ಟಾಗಿ ಹೇಳಿ ಶಿಲುಬೆ ಗುರುತು ಹಾಕಿ ಪ್ರಾಯಶ್ಚಿತ್ತಕ್ಕೆ ಐದು ನಮೋ ಮರಿಯಾ ಪ್ರಾರ್ಥನೆ ಹೇಳು ಅಂದ್ರು. ಹೊರಗೆ ಬಂದು ಚಪ್ಪಲಿ ಹಾಕ್ಕೊಳ್ಳುವಾಗ ನೆನಪಾಯ್ತು, ಅಣ್ಣನ ಹತ್ರ ಜಮೀನಿನ ವಿಷಯದಲ್ಲಿ ಸುಳ್ಳು ಹೇಳಿ ಸೈನ್ ಹಾಕಿಸಿಕೊಂಡಿದ್ದನ್ನ ಹೇಳ್ಲೇ ಇಲ್ಲ ಅಂತ. ಐದರಲ್ಲಿ ಮೂರು ನಮೋ ಮರಿಯಾ ಆಗೋಷ್ಟರಲ್ಲಿ ಫೋನ್ ಬಂತು, ಇನ್ನೆರಡು ಬಾಕಿ. ಎಲ್ಲ ಮೊದಲಿಂದ ಮಾಡ್ಬೇಕಾ?

ಮಾಜಿಬ್ರದರ್:
ಫಾದರ್ ಆಗೋಕೆ ಓದೋ ಸೆಮಿನರಿಲಿ ಐದು ವರ್ಷ ಇದ್ದು ಬಿಟ್ಟು ಬಂದವನು ನಾನು, ಗೊತ್ತಿರೋದನ್ನ ಹೇಳ್ತೀನಿ. ಕನ್ಫೆಷನ್ ಲೆಕ್ಕಕ್ಕೆ ಬರೋಕೆ ಏನೇನು ಬೇಕು ಅಂತ ಕ್ಯಾಥೊಲಿಕ್ ಬಿಷಪ್‌ಗಳ ಟ್ರೆಂಟ್ ಮಹಾಸಭೆ 1551ರಲ್ಲೇ ಬಿಡಿಸಿ ಹೇಳಿಬಿಟ್ಟಿದೆ. ನಮ್ಮ ಕಡೆಯಿಂದ ಮನಸ್ಸಲ್ಲಿ ಪಶ್ಚಾತ್ತಾಪ, ಬಾಯಲ್ಲಿ ನಿವೇದನೆ, ಕೊಟ್ಟ ಪ್ರಾಯಶ್ಚಿತ್ತ ಮಾಡ್ತೀನಿ ಅನ್ನೋ ಒಪ್ಪಿಗೆ. ಆ ಕಡೆಯಿಂದ ಅಧಿಕಾರ ಇರೋ ಗುರು, ಅವರ ಬಾಯಲ್ಲಿ ಕ್ಷಮೆಯ ಮಾತು. ಪಶ್ಚಾತ್ತಾಪ ಅಂದ್ರೆ ಕಣ್ಣೀರು ಸುರಿಸ್ಬೇಕು ಅಂತೇನಿಲ್ಲ, ನರಕದ ಭಯಕ್ಕೆ ಆದ್ರೂ ಇನ್ಮೇಲೆ ಮಾಡಲ್ಲ ಅನ್ನೋ ಮನಸ್ಸು ಗಟ್ಟಿ ಇದ್ರೆ ಕನ್ಫೆಷನ್‌ನಲ್ಲಿ ಅಷ್ಟು ಸಾಕು.

ನಿಮ್ಮ ವಿಷಯಕ್ಕೆ ಬಂದ್ರೆ, ಫಾದರ್ ಕ್ಷಮೆಯ ಮಾತನ್ನ ಇಂಗ್ಲಿಷಲ್ಲಿ ಹೇಳಿದ್ರೆ ಏನೂ ತಪ್ಪಿಲ್ಲ, ನಿಮಗೆ ಅರ್ಥ ಆಗ್ಲಿಲ್ಲ ಅಂತ ಅದು ಕೆಡಲ್ಲ. "ನಿನ್ನ ಪಾಪಗಳನ್ನು ಕ್ಷಮಿಸುತ್ತೇನೆ, ಪಿತನ ಸುತನ ಪವಿತ್ರಾತ್ಮರ ಹೆಸರಲ್ಲಿ" ಅನ್ನೋ ಅರ್ಥದ ಮಾತು ಬಂದಿರಬೇಕು ಅಷ್ಟೇ. ಬೆನ್ನು ತಟ್ಟಿ ದೇವರು ಒಳ್ಳೇದು ಮಾಡ್ಲಿ ಹೋಗಪ್ಪ ಅಂದು ಕಳಿಸಿದ್ರೆ ಮಾತ್ರ ಸಾಲಲ್ಲ. ಭಾಷೆ ಬರಲ್ಲ ಅಂದ್ರೆ ದುಭಾಷಿ ಇಟ್ಕೋಬಹುದು ಅಂತ 1983ರ ಕ್ಯಾನನ್ ಲಾ (ಚರ್ಚಿನ ಕಾನೂನು) 990ನೇ ನಿಯಮದಲ್ಲಿದೆ, ಆದ್ರೆ ಇಟ್ಕೊಳ್ಳಲೇಬೇಕು ಅಂತಿಲ್ಲ. ಅವರಿಗೆ ಒಂದಕ್ಷರನೂ ತಿಳೀಲಿಲ್ಲ ಅಂತ ನಿಮಗೆ ಗ್ಯಾರಂಟಿ ಇದ್ರೆ ದೊಡ್ಡ ಪಾಪಗಳನ್ನ ಕನ್ನಡ ಬರೋರ ಹತ್ರ ಇನ್ನೊಮ್ಮೆ ಹೇಳಿ.

ಹೊರಗಿನ ಫಾದರ್ ಅಂತ ಚಿಂತೆ ಬೇಡ, ಅವರ ಬಿಷಪ್ ಕೊಟ್ಟ ಅಧಿಕಾರ ಇಲ್ಲೂ ನಡಿಯುತ್ತೆ, ಇಲ್ಲಿಯ ಬಿಷಪ್ ಬೇಡ ಅಂದಿಲ್ಲದಿದ್ರೆ. ಎರಡು ನಮೋ ಮರಿಯಾ ಇವತ್ತೇ ಹೇಳಿ ಮುಗಿಸಿ.

ಇನ್ನು ಮರೆತಿದ್ದು. ಮಾರಕ ಪಾಪಗಳನ್ನ (ಗೊತ್ತಿದ್ದೂ ಬೇಕಂತ ಮಾಡಿದ ದೊಡ್ಡ ಪಾಪಗಳು) ಯಾವ್ದು, ಎಷ್ಟು ಸಲ ಅಂತ ಹೇಳಬೇಕು ಅನ್ನೋದು ರೂಲು. ಆದ್ರೆ ನಿಜವಾಗ್ಲೂ ಮರೆತಿದ್ರೆ ಅದೂ ಉಳಿದವುಗಳ ಜೊತೆ ಕ್ಷಮೆ ಆಗಿರುತ್ತೆ, ಮುಂದಿನ ಸಲ ಮರೆತಿದ್ದೆ ಅಂತ ಹೇಳಿದ್ರೆ ಆಯ್ತು. ಬೇಕಂತಲೇ ಮುಚ್ಚಿಟ್ರೆ ಮಾತ್ರ ಇಡೀ ಕನ್ಫೆಷನ್ ಬಿದ್ದೋಗುತ್ತೆ, ಹೇಳಿದ ಪಾಪಗಳಿಗೂ ಕ್ಷಮೆ ಇಲ್ಲ, ಮೇಲಿಂದ ಅದೇ ಒಂದು ಹೊಸ ಪಾಪ.

ಕುಡ್ಲದಮೊಮ್ಮಗಳು:
ನಮ್ಮ ಕಡೆ ಕೊಂಕಣಿಲಿ ಕುಮ್ಸಾರ್ ಅಂತೀವಿ. ಅಜ್ಜಿ ಅದಕ್ಕೆ ಹೋಗೋ ಮುಂಚೆ ಅಡುಗೆಮನೆ ಬಾಗಿಲಲ್ಲಿ ನಿಂತು ಸೊಸೆಯಂದಿರ ಹತ್ರ ಏನಾದ್ರೂ ಅಂದಿದ್ರೆ ಮನಸಲ್ಲಿ ಇಟ್ಕೋಬೇಡಿ ಅನ್ನೋರು, ಬಂದ ಅರ್ಧ ಗಂಟೆಗೆ ಮೀನು ಸಾರಿಗೆ ಹುಳಿ ಜಾಸ್ತಿ ಅಂತ ಮತ್ತೆ ಶುರು 😄 ಅದೂ ವ್ಯಾಲಿಡ್ಡೇ ಅನ್ನಿ, ಆ ಕ್ಷಣಕ್ಕೆ ಮನಸ್ಸು ನಿಜ ಇತ್ತಲ್ಲ.

ನನ್ನದೊಂದು ಡೌಟು. 2020ರಲ್ಲಿ ಅಪ್ಪ ಆಸ್ಪತ್ರೇಲಿ ಇದ್ದಾಗ ಯಾರನ್ನೂ ಒಳಗೆ ಬಿಡ್ತಿರಲಿಲ್ಲ, ಫೋನಲ್ಲೇ ಕನ್ಫೆಷನ್ ಮಾಡಿಸಿ ಅಂತ ನಮ್ಮ ಫಾದರ್‌ನ ಬೇಡ್ಕೊಂಡೆ. ಅದು ಆಗಲ್ಲಮ್ಮ ಅಂದ್ರು, ಆದ್ರೆ ಫೋನಲ್ಲಿ ಪಶ್ಚಾತ್ತಾಪದ ಪ್ರಾರ್ಥನೆ ಒಂದೊಂದೇ ಸಾಲು ಹೇಳಿಕೊಟ್ರು, ಅಪ್ಪ ಆಕ್ಸಿಜನ್ ಮಾಸ್ಕ್ ಒಳಗಿಂದಾನೇ ಹೇಳಿದ್ರು, ನರ್ಸ್ ಪಾಪ ಫೋನ್ ಹಿಡ್ಕೊಂಡು ನಿಂತಿದ್ರು. ಫೋನಲ್ಲಿ ಯಾಕಾಗಲ್ಲ ಅಂತ ನನಗೆ ಇವತ್ತಿಗೂ ಸಮಾಧಾನ ಇಲ್ಲ.

ಮಾಜಿಬ್ರದರ್:
ನಿಮ್ಮ ಫಾದರ್ ಮಾಡಿದ್ದು ಸರಿ. ಎದುರಿಗೆ ಇಲ್ಲದವರ ಹತ್ರ ಪತ್ರದಲ್ಲಿ ನಿವೇದನೆ ಮಾಡಿ ಕ್ಷಮೆ ತಗೊಳ್ಳೋದು ನಡಿಯಲ್ಲ ಅಂತ 1602ರಲ್ಲೇ ಎಂಟನೇ ಕ್ಲೆಮೆಂಟ್ ಪೋಪ್ ಹೇಳಿದ್ರು, ಈ ಸಂಸ್ಕಾರಕ್ಕೆ ಫಾದರ್, ಪಾಪ ಹೇಳೋರು ಇಬ್ಬರೂ ಒಂದೇ ಕಡೆ ಇರಬೇಕು, ಫೋನಲ್ಲಿ ಆಗದಿರೋದೂ ಅದಕ್ಕೇ. ಆದ್ರೆ ದೇವರ ಮೇಲಿನ ಪ್ರೀತಿಯಿಂದ ಬಂದ ಪೂರ್ತಿ ಪಶ್ಚಾತ್ತಾಪ, ಅವಕಾಶ ಆದ ಕೂಡ್ಲೇ ಕನ್ಫೆಷನ್‌ಗೆ ಹೋಗ್ತೀನಿ ಅನ್ನೋ ಮನಸ್ಸು, ಇವೆರಡೂ ಇದ್ರೆ ಮಾರಕ ಪಾಪಕ್ಕೂ ಕ್ಷಮೆ ಇದೆ. 2020ರ ಮಾರ್ಚ್‌ನಲ್ಲಿ ವ್ಯಾಟಿಕನ್‌ನಿಂದ ಬಂದ ಟಿಪ್ಪಣೀಲೂ ಇದನ್ನೇ ನೆನಪಿಸಿದ್ರು. ಅಪ್ಪನ ಬಗ್ಗೆ ನೆಮ್ಮದಿಯಾಗಿರಿ.

ಬೆಲ್‌ಟವರ್:
ಅಲ್ಲ ಸ್ವಾಮಿ, ಫಾದರ್‌ದೇ ನಡತೆ ಸರಿ ಇಲ್ಲ ಅಂದ್ರೆ? ಅವರೇ ಪಾಪಿ, ಅವರೇನು ಕ್ಷಮಿಸೋದು?

ಮಾಜಿಬ್ರದರ್:
ಹಳೇ ಜಗಳ ಇದು, ಪಾಪಿ ಗುರು ಕೊಟ್ಟ ಸಂಸ್ಕಾರ ನಡಿಯಲ್ಲ ಅಂತಿದ್ದ ಡೊನಾಟಿಸ್ಟರು ಅನ್ನೋ ಹಳೇ ಪಂಗಡದ ಜೊತೆ ಸಂತ ಅಗಸ್ಟೀನರು ಉತ್ತರ ಆಫ್ರಿಕಾದಲ್ಲಿ ವಾದ ಮಾಡಿದ್ದೇ ಇದರ ಮೇಲೆ. ಕೊಳಾಯಿ ತುಕ್ಕು ಹಿಡಿದಿದ್ರೂ ನೀರು ಕೆರೇದೇ ಅಂದ್ಕೊಳ್ಳಿ. ಸಾಯೋ ಸ್ಥಿತೀಲಿ ಇರೋರಿಗೆ ಗುರುಪಟ್ಟ ಬಿಟ್ಟು ಹೋದವರೂ ಕ್ಷಮೆ ಕೊಡಬಹುದು. ಆದ್ರೆ ಒಂದು ಕಡೆ ಧರ್ಮಸಭೆ (ಚರ್ಚು) ಗೆರೆ ಎಳೆದಿದೆ. ಫಾದರ್ ಯಾರ ಜೊತೆ ಸೇರಿ ವ್ಯಭಿಚಾರದ ಪಾಪ ಮಾಡಿದ್ರೋ ಅವರಿಗೇ ಆ ಪಾಪಕ್ಕೆ ಕ್ಷಮೆ ಕೊಟ್ರೆ ಅದು ನಡಿಯಲ್ಲ, ಪ್ರಾಣಾಪಾಯದಲ್ಲಿ ಬಿಟ್ರೆ. ಕ್ಯಾನನ್ 977 ನೋಡಿ.

ಹಳೇಬಸ್ಸು:
ಎಲ್ರಿಗೂ ಥ್ಯಾಂಕ್ಸ್. ಎರಡು ದಿನ ಸುಮ್ನಿದ್ದೆ, ಈಗ ಹೇಳಿಬಿಡ್ತೀನಿ. ಚಪ್ಪಲಿ ಹಾಕ್ಕೊಳ್ಳುವಾಗ ನೆನಪಾಯ್ತು ಅಂದ್ನಲ್ಲ, ಅದು ಸುಳ್ಳು. ಫಾದರ್ ಅರ್ಧಂಬರ್ಧ ಕನ್ನಡದಲ್ಲಿ ಬೇರೆ ಏನು ಇದೆ ಅಂತ ಕೇಳಿದ್ರು, ಆಗ ಅಣ್ಣನ ಮುಖ ಕಣ್ಮುಂದೆ ಬಂತು, ಅಷ್ಟೇ ಫಾದರ್ ಅಂದುಬಿಟ್ಟೆ. ಭಾಷೆ ಬರಲ್ಲ ಅಂತ ಅವರ ಸಾಲಲ್ಲಿ ನಿಂತಿದ್ದೂ ಬೇಕಂತಲೇ.

ಮಾಜಿಬ್ರದರ್:
ಹಾಗಿದ್ರೆ ಮೊದಲಿಂದ, ಎಂಟು ವರ್ಷದ್ದೂ. ಮುಚ್ಚಿಟ್ಟಿದ್ದೆ ಅನ್ನೋದನ್ನೂ ಸೇರಿಸಿ. ಜಮೀನಿನ ಪಾಲು ವಾಪಸ್ ಕೊಡೋ ಮಾತು ಫಾದರ್ ಎತ್ತೇ ಎತ್ತುತ್ತಾರೆ, ಅದಕ್ಕೆ ತಯಾರಾಗಿ ಹೋಗಿ.

ಹಳೇಬಸ್ಸು:
ಅಣ್ಣನಿಗೆ ಫೋನ್ ಮಾಡಿದ್ದೆ, ಎತ್ತಲಿಲ್ಲ. ಶನಿವಾರ ಸಂಜೆ ಕನ್ನಡ ಫಾದರ್ ಸಿಗ್ತಾರಂತೆ.