ಗಾರೆ ಚಿತ್ತಾರ ಕಲಿಯೋಕೆ ಎಲ್ಲಿಂದ ಶುರು ಮಾಡಲಿ? ಕೈ ಹಾಕಿದವರು ಹೇಳಿ

ಹೊಸಬಳು, ಮೈಸೂರು ಕಡೆ:
ನಮ್ಮ ಹಳೇ ಮನೆ ಬಾಗಿಲ ಮೇಲೆ ಗಾರೆಯ ನವಿಲು, ಬಳ್ಳಿ ಇವೆ. ಒಂದು ರೆಕ್ಕೆ ಉದುರಿದೆ. ಅದನ್ನು ಮುಟ್ಟುವ ಮೊದಲು ಕಲಿಯಬೇಕು. ಸುಣ್ಣವೋ, ಸಿಮೆಂಟೋ, ಪಿಒಪಿಯೋ (ಪ್ಲಾಸ್ಟರ್ ಆಫ್ ಪ್ಯಾರಿಸ್)? ವಾರಕ್ಕೆ ಒಂದೇ ದಿನ ಬಿಡುವು. ಖರ್ಚು ಯಾವುದಕ್ಕೆ ಹೆಚ್ಚು?

ಸುಣ್ಣದ ಗುಂಡಿ:
ಸುಣ್ಣದಿಂದಲೇ ಶುರು ಮಾಡಿ. ಅಂಗಡಿಯ ಪುಡಿ ಸುಣ್ಣ ಬೇಡ. ಚೀಲದಲ್ಲಿ ಗಾಳಿ ಕುಡಿದ ಸುಣ್ಣ ಆಗಲೇ ಅರ್ಧ ಕಲ್ಲಾಗಿರುತ್ತದೆ, ಅದಕ್ಕೆ ಹಿಡಿತ ಇರುವುದಿಲ್ಲ. ಸುಟ್ಟ ಸುಣ್ಣದ ಕಲ್ಲೇ ತನ್ನಿ. ಕಬ್ಬಿಣದ ಡ್ರಮ್ಮಿಗೆ ಮೊದಲು ನೀರು, ಆಮೇಲೆ ಕಲ್ಲನ್ನು ಸ್ವಲ್ಪ ಸ್ವಲ್ಪವೇ ಬಿಡಿ. ಕಲ್ಲಿನ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಕಣ್ಣು ಮುಚ್ಚುವ ಕನ್ನಡಕ, ರಬ್ಬರ್ ಗ್ಲೌಸ್ ಇಲ್ಲದೆ ಹತ್ತಿರ ಹೋಗಬೇಡಿ. ಕಣ್ಣಿಗೆ ಬಿದ್ದರೆ ತಕ್ಷಣ ಧಾರೆ ನೀರಿನಲ್ಲಿ ಬಹಳ ಹೊತ್ತು ತೊಳೆದು ಆಸ್ಪತ್ರೆಗೆ ಓಡಿ.

ಅರಳಿದ್ದನ್ನು ಸಣ್ಣ ಜರಡಿಯಲ್ಲಿ ಸೋಸಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಮುಚ್ಚಿಡಿ. ನೀಟು ಕೆಲಸಕ್ಕೆ, ಅಂದರೆ ಕೊನೆಯ ನಯವಾದ ಪದರಕ್ಕೆ, ಕನಿಷ್ಠ ಮೂರು ತಿಂಗಳು. ಅರಳದೆ ಉಳಿದ ಹರಳು ಗೋಡೆ ಮೇಲೆ ಹೋದಮೇಲೆ ಅರಳುತ್ತದೆ, ಉಬ್ಬುತ್ತದೆ, ನವಿಲಿನ ಎದೆಯಲ್ಲಿ ಗುಳ್ಳೆ ಎದ್ದು ತೂತು ಬೀಳುತ್ತದೆ. ಆಮೇಲೆ ಅದಕ್ಕೆ ಮದ್ದಿಲ್ಲ.

ಅಚ್ಚಿನ ಅಕ್ಕ:
ಮೂರು ತಿಂಗಳು ಡ್ರಮ್ಮು ಕಾಯುವವರಿಗೆ ಕೈ ಯಾವಾಗ ಪಳಗುವುದು? ಕಲಿಕೆಗೆ ಪಿಒಪಿ. 1 ಕೆಜಿ ಪುಡಿಗೆ 600–700 ಮಿ.ಲೀ. ನೀರು. ಪುಡಿಯನ್ನು ನೀರಿನ ಮೇಲೆ ಉದುರಿಸಿ, ತಾನೇ ನೆನೆಯಲು ಒಂದೆರಡು ನಿಮಿಷ ಬಿಟ್ಟು, ಗುಳ್ಳೆ ಏಳದಂತೆ ನಿಧಾನ ಕಲಸಿ. ಹಿಂದಿನ ಸಲದ ಒಣ ಚೂರು ಬಕೆಟ್ಟಿನಲ್ಲಿ ಉಳಿದಿದ್ದರೆ ಕೈಯಲ್ಲಿರುವಾಗಲೇ ಗಟ್ಟಿಯಾಗುತ್ತದೆ, ಅಷ್ಟೂ ಪುಡಿ ದಂಡ. ಖರ್ಚು ಕೇಳಿದ್ದೀರಲ್ಲ, ದುಡ್ಡು ಹೋಗುವುದೇ ಇಲ್ಲಿ. ಪಿಒಪಿ ಗಟ್ಟಿಯಾಗುವಾಗ ತುಸು ಹಿಗ್ಗುತ್ತದೆ, ಅದಕ್ಕೇ ಅಚ್ಚಿನ ಗೆರೆಯೆಲ್ಲ ಚೊಕ್ಕವಾಗಿ ಬರುತ್ತದೆ. ಸೂರಂಚಿನ ಪಟ್ಟಿಗೆ ಬೇಕಾದ ಆಕಾರಕ್ಕೆ ತಗಡು ಕತ್ತರಿಸಿ, ಹಲಗೆಗೆ ಹೊಡೆದು, ಹಸಿ ಪಿಒಪಿಯ ಮೇಲೆ ಪಟ್ಟಿಯ ಗುಂಟ ಓಡಿಸಿ. ನಾಲ್ಕೈದು ಎಳೆತದಲ್ಲಿ ಆಕಾರ ತುಂಬುತ್ತದೆ.

ಸುಣ್ಣದ ಗುಂಡಿ:
ಅಕ್ಕಾ, ಅವರ ನವಿಲು ಇರುವುದು ಬಾಗಿಲ ಮೇಲೆ, ಮಳೆಗೆ. ಪಿಒಪಿ ಗಟ್ಟಿಯಾದರೆ ಜಿಪ್ಸಮ್, ಅದು ಲೀಟರ್ ನೀರಿಗೆ ಸುಮಾರು 2 ಗ್ರಾಂ ಕರಗುತ್ತದೆ. ಎರಡು ಮುಂಗಾರು ಕಳೆದರೆ ಗರಿಯ ಗೆರೆ ಉಳಿಯುವುದಿಲ್ಲ.

ಅಚ್ಚಿನ ಅಕ್ಕ:
ಹೊರಗೆ ಹಚ್ಚಿ ಅಂತ ನಾನು ಎಲ್ಲಿ ಹೇಳಿದೆ? ಕೈ ಕಲಿಯಲು ಅಂದೆ. ಪೂರ್ತಿ ಓದಿ ಮಾತಾಡಿ.

ವಿಜಯಪುರದವ:
ಇಬ್ಬರೂ ತುಂಬೋ ಕೆಲಸಾನೇ ಹೇಳಾಕತ್ತೀರಿ. ನಮ್ಮ ಕಡೆ ಗಾರೆಗೆ ಗಚ್ಚು ಅಂತೀವಿ, ಗಚ್ಚಿನ ಕೆಲಸ ಅಂದ್ರ ಕೊರೆಯೋದು. ಆದಿಲ್‌ಶಾಹಿ ಕಮಾನಿನ ಭುಜದ ಮ್ಯಾಲಿನ ಪದಕ, ಬಳ್ಳಿ ನೋಡ್ರಿ. ಗಚ್ಚು ಬಡದು, ಹಸಿ ಇರುವಾಗ ಗೆರಿ ಹಾಕಿ, ಬ್ಯಾಡಾದ್ದು ತಗೀಬೇಕು. ಕಲಿಯೋರು 30 ಸೆಂ.ಮೀ. ಚೌಕದ ಇಟ್ಟಿಗಿ ಹಲಗಿ ಮಾಡ್ಕೋರಿ. 2 ಸೆಂ.ಮೀ. ದಪ್ಪ ಅಂದ್ರ 1.8 ಲೀಟರ್ ಗಚ್ಚು. ಮರಳಿನ ಸಂದು ಸುಮಾರು ಮೂರನೇ ಒಂದು ಪಾಲು, ಸುಣ್ಣ ಹೋಗಿ ಕೂಡೋದು ಆ ಸಂದಿನಾಗ. ಅದಕ್ಕ 1:3, ಸುಣ್ಣ ಒಂದು ಪಾಲು, ಮರಳು ಮೂರು. ಹಂಗಾಗಿ ಮರಳು 1.8 ಲೀಟರ್ ಬೇಕು, ಸುಣ್ಣ 600 ಮಿ.ಲೀ. ಸಾಕು. ಸುಣ್ಣ ಜಾಸ್ತಿ ಹಾಕಿದ್ರ ಗಟ್ಟಿ ಆಗ್ತದ ಅನ್ಕೋಬ್ಯಾಡ್ರಿ, ಒಣಗುವಾಗ ಕುಗ್ಗಿ ಸೀಳ್ತದ. ಒಂದ ಸಲಕ್ಕ 8–10 ಮಿ.ಮೀ.ಗಿಂತ ದಪ್ಪ ಬ್ಯಾಡ. ಇಟ್ಟಿಗಿ ಚೊಲೊ ತೋಯಿಸಿ ಹಚ್ಚಬೇಕು. ಒಣ ಇಟ್ಟಿಗಿ ನೀರು ಹೀರಿದ್ರ ಗಚ್ಚು ಪುಡಿ ಆಗಿ ಉದುರ್ತದ.

ಉಗುರು ಒತ್ತಿದ್ರ ಗುರುತು ಬೀಳಬೇಕು, ಬೆರಳಿಗೆ ಅಂಟಬಾರದು. ಕೊರೆಯೋ ಹೊತ್ತು ಅದ.

ಗೋಪುರದ ಕೆಲಸ:
ಸುಣ್ಣ ಸುಣ್ಣ ಅನ್ನುವವರು ಕೂಲಿ ಲೆಕ್ಕ ಯಾಕೆ ಹೇಳುವುದಿಲ್ಲ? ಒಂದು ಚದರ ಮೀಟರ್, 2 ಸೆಂ.ಮೀ. ದಪ್ಪ ಅಂದರೆ 20 ಲೀಟರ್ ಗಾರೆ. ಮರಳು, ಸುಣ್ಣಕ್ಕೆ ದುಡ್ಡು ಹೋಗುವುದಿಲ್ಲ. ಅರೆಯುವುದಕ್ಕೆ, ಪದರ ಪದರ ಕಾಯುವುದಕ್ಕೆ, ದಿನಾ ಗೋಣಿ ತೋಯಿಸುವುದಕ್ಕೆ, ಅಷ್ಟು ದಿನ ಅಟ್ಟಣಿಗೆ ಬಾಡಿಗೆಗೆ ಹೋಗುತ್ತದೆ. ಸಿಮೆಂಟು ಒಂದು ಪಾಲಿಗೆ ಮರಳು ನಾಲ್ಕು, ಏಳು ದಿನ ನೀರು ಕುಡಿಸಿದರೆ ಬೊಂಬೆ ನಿಲ್ಲುತ್ತದೆ. ದೇವಸ್ಥಾನದವರು ಕುಂಭಾಭಿಷೇಕದ ದಿನ ಗೊತ್ತುಮಾಡಿಯೇ ಕರೆಯುತ್ತಾರೆ. ನಮ್ಮ ಕೆಲಸಕ್ಕೆ ಅವಮಾನ ಮಾಡಬೇಡಿ.

ಸುಣ್ಣದ ಗುಂಡಿ:
ಅವಮಾನ ಅಲ್ಲ ಸರ್. ಹಂಪಿಯ ಗೋಪುರಗಳನ್ನೇ ನೋಡಿ, ಬುಡ ಕಲ್ಲು, ಮೇಲೆ ಇಟ್ಟಿಗೆ, ಅದರ ಮೇಲೆ ಗಾರೆ ಬೊಂಬೆ. ಮುರಿದ ಕಡೆ ಒಳಗಿನ ಇಟ್ಟಿಗೆ ಕಾಣುತ್ತದೆ. ಮೈಯ ಆಕಾರ ಇಟ್ಟಿಗೆಯಲ್ಲೇ ಬಂದಿದೆ, ಗಾರೆ ಚರ್ಮದಷ್ಟೇ. ನೀವು ಕೈಬೆರಳಿಗೆಲ್ಲ ಕಬ್ಬಿಣದ ಸರಳು ಕೊಡುತ್ತೀರಿ. ಸಿಮೆಂಟು ಬಿರುಕುಬಿಟ್ಟು ನೀರು ಇಳಿದರೆ ಸರಳು ತುಕ್ಕು ಹಿಡಿದು ಹಲವು ಪಟ್ಟು ಉಬ್ಬಿ ಬೆರಳನ್ನೇ ಒಡೆಯುತ್ತದೆ. ಹಳೇ ಸುಣ್ಣದ ಮೇಲೆ ಸಿಮೆಂಟು ಬಳಿದರೆ ಇನ್ನೂ ಕಷ್ಟ. ಒಳಗಿನ ತೇವ ಹೊರಬರಲಾಗದೆ ಉಪ್ಪು ಹಿಂದೆ ಕೂತು ಹಳೆಯದನ್ನೂ ಸೇರಿಸಿ ಕಳಚುತ್ತದೆ.

ಗೋಪುರದ ಕೆಲಸ:
ಸುಣ್ಣದೊಳಗೆ ಕಬ್ಬಿಣ ಇಟ್ಟರೆ ತುಕ್ಕು ಹಿಡಿಯುವುದಿಲ್ಲವೇ? ಸುಣ್ಣ ಗಾಳಿ ಕುಡಿದು ಕಲ್ಲಾದಮೇಲೆ ಕಬ್ಬಿಣ ಕಾಯುವ ಗುಣ ಅದಕ್ಕೂ ಇಲ್ಲ. ತಪ್ಪು ಸರಳಿನದು, ಸಿಮೆಂಟಿನದಲ್ಲ. ತಾಮ್ರದ ತಂತಿಯೋ ಸ್ಟೇನ್‌ಲೆಸ್ ಸರಳೋ ಕೊಡಿ, ಎರಡರಲ್ಲೂ ನಿಲ್ಲುತ್ತದೆ. ಇನ್ನು ಬೆಲ್ಲದ ನೀರು ಹಾಕಿ ಅಂತ ಎಲ್ಲರಿಗೂ ಹೇಳಿ ಹಾಳು ಮಾಡಿದ್ದೀರಿ. 50 ಕೆಜಿ ಸಿಮೆಂಟಿಗೆ 50 ಗ್ರಾಂ ಸಕ್ಕರೆ ಬಿದ್ದರೂ ಅದು ಹಿಡಿಯುವುದು ತಡವಾಗುತ್ತದೆ.

ವಿಜಯಪುರದವ:
ಸಿಮೆಂಟಿಗೆ ಬೆಲ್ಲ ಹಾಕು ಅಂತ ಇಲ್ಲಿ ಯಾರು ಹೇಳ್ಯಾರ? ಬೆಲ್ಲ, ಅಳಲೆಕಾಯಿ ನೀರು ಸುಣ್ಣಕ್ಕ. ಬೆಲ್ಲದ ನೀರಿನಿಂದ ಗಚ್ಚು ಕಡಿಮಿ ನೀರಿನಾಗ ಮೆತ್ತಗಾಗ್ತದ, ನೀರು ಕಡಿಮಿ ಆದಷ್ಟು ಬಿರುಕು ಕಡಿಮಿ. ಜಾಸ್ತಿ ಆದ್ರ ಇರುವಿ ಬರ್ತಾವ, ಒಣಗೂದೂ ಇಲ್ಲ. ಮೊದಲನೇ ಹಲಗಿಗೆ ಏನೂ ಹಾಕಬ್ಯಾಡ್ರಿ, ಬರೇ ಸುಣ್ಣ ಮರಳು. ಇಲ್ಲಾಂದ್ರ ಯಾವುದು ಯಾಕ ಸೀಳ್ತು ಅಂತ ತಿಳಿಯೂದಿಲ್ಲ.

ಕುಂದಾಪ್ರದ ಚಿಪ್ಪಿ:
ನಮ್ಮಲ್ಲಿ ಚಿಪ್ಪಿನ ಸುಣ್ಣ. ನೀಟಿಗೆ ಅದರಷ್ಟು ಬಿಳಿ ಬೇರೆ ಇಲ್ಲ. ಮಳೆಗಾಲದಲ್ಲಿ ಮಾತ್ರ ಹಚ್ಚಬೇಡಿ. ತೂತಿನಲ್ಲೆಲ್ಲ ನೀರು ತುಂಬಿದ್ದರೆ ಗಾಳಿ ಒಳಗೆ ಹೋಗುವುದಿಲ್ಲ, ಸುಣ್ಣ ಕಲ್ಲಾಗುವುದಿಲ್ಲ. ಏಪ್ರಿಲ್ ಬಿಸಿಲಿಗೂ ಬೇಡ, ಪೂರ್ತಿ ಒಣಗಿದರೂ ಅದೇ ಕತೆ. ಒಳಗೆ ಎಷ್ಟು ಆಳ ಕಲ್ಲಾಗಿದೆ ಅಂತ ನೋಡಲು ಒಂದು ಮೂಲೆ ಮುರಿದು ಫಿನಾಲ್ಫ್ಥಲೀನ್ (ಹಸಿ ಸುಣ್ಣ ತಾಗಿದರೆ ಬಣ್ಣ ಬದಲಿಸುವ ದ್ರಾವಣ) ಹನಿಸಿ. ಗುಲಾಬಿ ಬಂದಲ್ಲಿ ಇನ್ನೂ ಹಸಿ ಸುಣ್ಣ, ಬಣ್ಣ ಬಾರದಲ್ಲಿ ಕಲ್ಲು.

ಅಚ್ಚಿನ ಅಕ್ಕ:
ಇಷ್ಟು ಜನರಲ್ಲಿ ಯಾವ ಮರಳು ಅನ್ನುವ ಮಾತು ಯಾರೂ ಎತ್ತಲಿಲ್ಲ. ಈಗ ಸಿಗುವುದು ಎಂ-ಸ್ಯಾಂಡ್, ಕಲ್ಲು ಪುಡಿಮಾಡಿ ತೆಗೆದ ಮರಳು. ಅದರ ದೂಳು ತೊಳೆಯದೆ ಕಲಸಿದರೆ ನಿಮ್ಮ 1:3 ಸುಳ್ಳಾಗುತ್ತದೆ.

ಸುಣ್ಣದ ಗುಂಡಿ:
ಎಂ-ಸ್ಯಾಂಡ್ ಬೊಂಬೆ ಕೆಲಸಕ್ಕೆ ಬೇಡವೇ ಬೇಡ.

ಅಚ್ಚಿನ ಅಕ್ಕ:
ಹೊಳೆ ಮರಳು ಎಲ್ಲಿಂದ ತರಬೇಕು, ಅದನ್ನೂ ಹೇಳಿ. ತೊಳೆದ ಎಂ-ಸ್ಯಾಂಡಿಗೆ ಏನು ಕೊರತೆ? ಬಕೆಟ್ಟಿನಲ್ಲಿ ಕದಡಿ, ಕೆಸರು ನೀರು ಚೆಲ್ಲಿ, ತಿಳಿ ಬರುವವರೆಗೆ ತೊಳೆದರಾಯಿತು.

ಹೊಸಬಳು, ಮೈಸೂರು ಕಡೆ:
ಉದುರಿದ ರೆಕ್ಕೆಯ ಚೂರು ಡಬ್ಬಿಯಲ್ಲಿ ಇಟ್ಟಿದ್ದೇನೆ. ಅದರಲ್ಲಿ ಸುಣ್ಣ ಎಷ್ಟು, ಮರಳು ಎಷ್ಟು ಅಂತ ತಿಳಿಯಬಹುದೇ?

ಕುಂದಾಪ್ರದ ಚಿಪ್ಪಿ:
ತಿಳಿಯಬಹುದು ಅಕ್ಕ. ಆದರೆ ರೆಕ್ಕೆಯ ಗೆರೆ ಇರುವ ಚೂರು ಮುಟ್ಟಬೇಡಿ, ಹಿಂಬದಿಯ ಪುಡಿ ಸಾಕು. ಒಣಗಿಸಿ ತೂಕ ಮಾಡಿ, ಗಾಜಿನ ಲೋಟದಲ್ಲಿ ಬಿಳಿ ವಿನಿಗರ್ ಹಾಕಿ. ನೊರೆ ನಿಂತಮೇಲೆ ಬಸಿದು ಹೊಸ ವಿನಿಗರ್ ಹಾಕುತ್ತಾ ಹೋಗಿ. ಹೊಸದು ಹಾಕಿದರೂ ನೊರೆ ಬಾರದಿದ್ದಾಗ ತೊಳೆದು ಒಣಗಿಸಿ ಮತ್ತೆ ತೂಗಿ. ಉಳಿದದ್ದು ಮರಳು, ಇಟ್ಟಿಗೆ ಪುಡಿ. ಕಮ್ಮಿಯಾದ ತೂಕ ಸುಣ್ಣದ್ದು. ಚಿಪ್ಪಿನ ಚೂರೋ ಅಮೃತಶಿಲೆ ಪುಡಿಯೋ ಸೇರಿದ್ದರೆ ಅದೂ ಕರಗಿ ಲೆಕ್ಕ ತಪ್ಪುತ್ತದೆ, ಹಾಕುವ ಮೊದಲು ಭೂತಗನ್ನಡಿಯಲ್ಲಿ ನೋಡಿಕೊಳ್ಳಿ.