ಚಿಕ್ಕ ಮಕ್ಕಳಿರುವ ಮನೆಯಲ್ಲಿ ಕುರುಕಲು ತಿಂಡಿ ಜೋಡಿಸಿಡುವುದು ಹೇಗೆ?

ಡಬ್ಬಿಗೂಡು ಕೇಳಿದ್ದು:
ಮನೆಯಲ್ಲಿ ಇಬ್ಬರು ಮಕ್ಕಳು, ದೊಡ್ಡವನಿಗೆ 6 ವರ್ಷ, ಚಿಕ್ಕವಳಿಗೆ 2. ತಿಂಡಿಯೆಲ್ಲ ಒಂದೇ ಕಪಾಟಿನಲ್ಲಿದೆ. ದೊಡ್ಡವನು ಬೇಕೆಂದಾಗ ತೆಗೆದುಕೊಂಡು ತಂಗಿಗೂ ಕೊಡುತ್ತಾನೆ. ಪೊಟ್ಟಣಗಳು ಅರ್ಧ ತೆರೆದೇ ಬಿದ್ದಿರುತ್ತವೆ, ಬಿಸ್ಕೆಟ್ ಎರಡು ದಿನಕ್ಕೆ ಮೆತ್ತಗಾಗುತ್ತದೆ. ಊಟದ ಹೊತ್ತಿಗೆ ಇಬ್ಬರಿಗೂ ಹಸಿವಿರುವುದಿಲ್ಲ. ಕಪಾಟಿಗೆ ಬೀಗ ಹಾಕಲು ಮನಸ್ಸಿಲ್ಲ. ಇದಕ್ಕೆಂದೇ ಕಪಾಟಿನ ಎರಡು ಅರೆ, ಫ್ರಿಜ್‌ನಲ್ಲಿ ಒಂದು ತಟ್ಟು ಬಿಡಬಹುದು. ಎಷ್ಟು ಡಬ್ಬಿ ಬೇಕು, ಯಾವ ಅಳತೆಯದು, ಎಲ್ಲಿ ಏನಿಡಬೇಕು?

ಮುಚ್ಚಳಗಟ್ಟಿ:
ಮೊದಲು ದಾಸ್ತಾನನ್ನೂ ಆ ದಿನ ತಿನ್ನುವುದನ್ನೂ ಬೇರೆ ಮಾಡಿ. ಎಲ್ಲ ಒಂದೇ ಕಡೆ ಇದ್ದರೆ ಎಷ್ಟು ಚಂದದ ಡಬ್ಬಿ ತಂದರೂ ವಾರದೊಳಗೆ ಮತ್ತೆ ಅದೇ ಗಲೀಜು.

ದಾಸ್ತಾನು ಮೇಲಿನ ಅರೆಯಲ್ಲಿರಲಿ, ಹೊರಗಿನಿಂದ ಕಾಣಬಾರದು. 1 ಲೀಟರಿನ ಡಬ್ಬಿ ನಾಲ್ಕೈದು ಸಾಕು. ದೊಡ್ಡ ಡಬ್ಬಿ ತರಬೇಡಿ. ತುಂಬಿದ ಡಬ್ಬಿಗಿಂತ ಅರ್ಧ ಖಾಲಿಯಾದದ್ದರಲ್ಲಿ ಗಾಳಿ ಹೆಚ್ಚು, ಮುಚ್ಚಳ ತೆಗೆದಾಗಲೆಲ್ಲ ತೇವದ ಗಾಳಿ ಒಳಗೆ ಹೋಗಿ ತಿಂಡಿ ಬೇಗ ಮೆತ್ತಗಾಗುತ್ತದೆ. ಕೆಳಗಿನ ಅರೆಯಲ್ಲಿ ಮಗುವಿಗೊಂದರಂತೆ 150–200 ಮಿ.ಲೀ.ನ ಪಾರದರ್ಶಕ ಪುಟ್ಟ ಡಬ್ಬಿಗಳು, ದಿನಕ್ಕೆ ಎರಡು ಹೊತ್ತು ಅಂದುಕೊಂಡರೆ ಒಟ್ಟು ನಾಲ್ಕು. ಇವನ್ನು ರಾತ್ರಿಯೇ ತುಂಬಿಡಿ. ಚಿಕ್ಕವಳಿಗೆ ಓದಲು ಬಾರದು, ಆದ್ದರಿಂದ ಇಬ್ಬರಿಗೂ ಬೇರೆ ಬೇರೆ ಬಣ್ಣದ ಮುಚ್ಚಳ. ಇದರಿಂದ ಜಗಳ ಅರ್ಧ ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುತ್ತದೆಂದು ಭರವಸೆ ಕೊಡಲಾರೆ!

ಕೊಳ್ಳುವ ಮೊದಲೋ ಆಮೇಲೋ ಡಬ್ಬಿಗೆ ನೀರು ತುಂಬಿ, ಮುಚ್ಚಿ, ತಲೆಕೆಳಗು ಹಿಡಿದು ನೋಡಿ. ಒಂದು ಹನಿ ಸೋರಿದರೂ ಬಿಸ್ಕೆಟ್‌ಗೆ ಅದು ಬೇಡ, ಪೊಟ್ಟಣ ಬಿಚ್ಚದ ಸಾಮಾನಿಗೆ ಇಟ್ಟುಕೊಳ್ಳಿ. ಚೆನ್ನಾಗಿದ್ದ ಡಬ್ಬಿ ಆಮೇಲೆ ಸೋರತೊಡಗಿದರೆ ಮುಚ್ಚಳದ ರಬ್ಬರ್ ಬಿಚ್ಚಿ ನೋಡಿ, ಸಾಮಾನ್ಯವಾಗಿ ಅದರಡಿ ಪುಡಿ ಸೇರಿಕೊಂಡಿರುತ್ತದೆ. ವಾರಕ್ಕೊಮ್ಮೆ ತೊಳೆದು, ಪೂರ್ತಿ ಒಣಗಿಸಿಯೇ ಹಾಕಿ. ತೇವವಿದ್ದರೆ ಅಲ್ಲೇ ಕಪ್ಪು ಬೂಷ್ಟು ಹಿಡಿಯುತ್ತದೆ.

ಇನ್ನು ಸಾಮಾನ್ಯವಾಗಿ ಎಡವುವುದು ಹಳೆಯದರ ಮೇಲೆ ಹೊಸದು ಸುರಿಯುವುದರಲ್ಲಿ. ತಳದಲ್ಲಿ ಉಳಿದದ್ದು ಅಲ್ಲೇ ಹಳಸುತ್ತದೆ. ಖಾಲಿಯಾದ ಮೇಲೆಯೇ ತುಂಬಿ, ಪೊಟ್ಟಣ ಒಡೆದ ತಾರೀಖನ್ನು ಕಾಗದದ ಟೇಪಿನ ಮೇಲೆ ಬರೆದು ಅಂಟಿಸಿ. ಒಣದ್ರಾಕ್ಷಿಯಂಥ ಒಣಹಣ್ಣನ್ನು ಬಿಸ್ಕೆಟ್ ಜೊತೆ ಒಂದೇ ಡಬ್ಬಿಗೆ ಹಾಕಬೇಡಿ. ಹಣ್ಣಿನ ತೇವ ಬಿಸ್ಕೆಟ್‌ಗೆ ಹೋಗಿ ಅದು ಮೆತ್ತಗೆ, ಇದು ಗಟ್ಟಿ, ಎರಡೂ ಕೆಡುತ್ತವೆ.

ಈಗಾಗಲೇ ಮೆತ್ತಗಾಗಿರುವುದನ್ನು, ಕ್ರೀಮ್ ಚಾಕೊಲೇಟ್ ಇಲ್ಲದ್ದಾದರೆ, 150 ಡಿಗ್ರಿ ಓವನ್‌ನಲ್ಲಿ 5 ನಿಮಿಷ ಇಟ್ಟರೆ ಮತ್ತೆ ಗರಿಗರಿಯಾಗುತ್ತದೆ. ಪೂರ್ತಿ ಆರುವವರೆಗೆ ಡಬ್ಬಿಗೆ ಹಾಕಬೇಡಿ, ಬೆಚ್ಚಗಿರುವಾಗಲೇ ಮುಚ್ಚಿದರೆ ಮುಚ್ಚಳದೊಳಗೆ ಬೆವರಿ ಮತ್ತೆ ಮೊದಲಿನ ಕಥೆಯೇ.

ಪುಟಾಣಿತಟ್ಟೆ:
ಡಬ್ಬಿ ಸರಿ, ಆದರೆ ಕೇಳಿದವರ ಪ್ರಶ್ನೆಯಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ‘ತಂಗಿಗೂ ಕೊಡುತ್ತಾನೆ’ ಅನ್ನುವ ಮಾತು. 6 ವರ್ಷದವನು ತಿನ್ನಬಹುದಾದದ್ದೆಲ್ಲ 2 ವರ್ಷದವಳಿಗೆ ಆಗುವುದಿಲ್ಲ. ಇಡೀ ಬಾದಾಮಿ, ಗೋಡಂಬಿ, ಕಡಲೆಬೀಜ ಐದು ವರ್ಷದೊಳಗಿನವರಿಗೆ ಬೇಡ. ಪಾಪ್‌ಕಾರ್ನ್, ಗಟ್ಟಿ ಮಿಠಾಯಿ, ಹಸಿ ಕ್ಯಾರೆಟ್ ತುಂಡು ಕೂಡ ಚಿಕ್ಕವಳ ಕೈಗೆ ಸಿಗಬಾರದು. ಆ ವಯಸ್ಸಿಗೆ ದವಡೆಹಲ್ಲು ಪೂರ್ತಿ ಬಂದಿರುವುದಿಲ್ಲ, ಉಸಿರಿನ ಕೊಳವೆಯೂ ಕಿರಿದು.

ಆದ್ದರಿಂದ ಕೆಳಗಿನ ಅರೆಗೆ ನಿಯಮ ಒಂದೇ: ಅಲ್ಲಿರುವುದೆಲ್ಲ ಚಿಕ್ಕವಳು ತಿಂದರೂ ಅಪಾಯವಿಲ್ಲದ್ದಾಗಿರಬೇಕು. ಅಣ್ಣನ ಬೀಜಗಳನ್ನು ಮೇಲಿನ ಅರೆಯಲ್ಲೇ ಇಟ್ಟು, ದೊಡ್ಡವರು ತೆಗೆದುಕೊಟ್ಟಾಗ ಮಾತ್ರ ಅವನು ಕೂತು ತಿನ್ನಲಿ. ‘ತಂಗಿಗೆ ಕೊಡಬೇಡ’ ಎಂದು ಆರು ವರ್ಷದವನ ಮೇಲೆ ಕಾವಲು ಹೊರಿಸುವುದು ನ್ಯಾಯವೂ ಅಲ್ಲ.

ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ. ಅಡ್ಡ ಕತ್ತರಿಸಿದರೆ ಬಿಲ್ಲೆ ದುಂಡಗೇ ಉಳಿದು ಗಂಟಲಿಗೆ ಬಿರಡೆಯಂತೆ ಕೂರಬಹುದು. ಚಿಕ್ಕ ಟೊಮೆಟೊಗೂ ಹೀಗೆಯೇ. ಕ್ಯಾರೆಟ್ಟನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದರೆ ಜಜ್ಜುವಷ್ಟು ಬೇಯಿಸಿ, ಇಲ್ಲವೇ ತುರಿದು ಕೊಡಿ. ಪೀನಟ್ ಬಟರನ್ನು ಚಮಚದಲ್ಲಿ ಕೊಡದೆ ಬ್ರೆಡ್ಡಿಗೆ ತೆಳ್ಳಗೆ ಸವರಿ, ಮುದ್ದೆಯಾದರೆ ಅಂಗುಳಿಗೆ ಅಂಟಿಕೊಳ್ಳುತ್ತದೆ. ಓಡಾಡುತ್ತಾ, ಕಾರಿನ ಸೀಟಿನಲ್ಲಿ ತಿನ್ನಿಸುವುದು ಬೇಡ. ಪೊಟ್ಟಣದೊಳಗೆ ತೇವ ಹೀರಲು ಇಟ್ಟಿರುವ ಪುಟ್ಟ ಚೀಟಿಚೀಲ ಇರುತ್ತದಲ್ಲ, ಡಬ್ಬಿಗೆ ಸುರಿಯುವಾಗಲೇ ಅದನ್ನು ಎಸೆಯಿರಿ.

ಯಾರಿಗಾದರೂ ಅಲರ್ಜಿ ಇದ್ದರೆ ಆ ಪದಾರ್ಥಕ್ಕೆ ಬೇರೆ ಡಬ್ಬಿ, ಬೇರೆ ಚಮಚ. ಮೇಲಿನ ಅರೆಯಲ್ಲಿಟ್ಟರೆ ಪುಡಿ ಕೆಳಕ್ಕೆ ಉದುರುತ್ತದೆ, ಆದ್ದರಿಂದ ಆ ಡಬ್ಬಿಯನ್ನು ಇನ್ನೊಂದು ಮುಚ್ಚಳವಿರುವ ದೊಡ್ಡ ಡಬ್ಬಿಯೊಳಗೆ ಇಡಿ.

ಹೊತ್ತುಗೊತ್ತು:
ಮುಚ್ಚಳಗಟ್ಟಿಯವರೇ, ತುಂಬಿದ ಡಬ್ಬಿ ಬೆಳಗಿನಿಂದ ಮಕ್ಕಳ ಕೈಗೆಟಕುವಂತಿದ್ದರೆ ಒಂಬತ್ತು ಗಂಟೆಗೇ ಎರಡೂ ಖಾಲಿ. ಜೋಡಣೆಯಿಂದಲೇ ಹಸಿವಿನ ಸಮಸ್ಯೆ ಬಗೆಹರಿಯುವುದಿಲ್ಲ. ಕೆಳಗಿನ ಅರೆಯಲ್ಲಿ ಆ ಹೊತ್ತಿನ ಡಬ್ಬಿ ಮಾತ್ರ ಇರಲಿ, ಅದೂ ಹೊತ್ತಾದಾಗ ಇಡಿ. ಊಟಕ್ಕೂ ತಿಂಡಿಗೂ ಎರಡೂವರೆಯಿಂದ ಮೂರು ಗಂಟೆ ಅಂತರ, 15–20 ನಿಮಿಷದಲ್ಲಿ ತಿಂದು ಮುಗಿಸುವುದು. ಉಳಿದರೆ ಎತ್ತಿಡಿ, ‘ಇನ್ನೊಂದು ತುತ್ತು’ ಎಂದು ಒತ್ತಾಯ ಮಾಡಬೇಡಿ. ಏನು, ಯಾವಾಗ, ಎಲ್ಲಿ ಅನ್ನುವುದು ದೊಡ್ಡವರದು. ಎಷ್ಟು ಅನ್ನುವುದು ಮಗುವಿನದು.

ಹೆಚ್ಚಿನವರು ಲೆಕ್ಕಕ್ಕೇ ಹಿಡಿಯದ್ದು ಹಾಲು ಮತ್ತು ಜ್ಯೂಸ್. ಊಟಕ್ಕೆ ಅರ್ಧ ಗಂಟೆ ಮುಂಚೆ ಒಂದು ಲೋಟ ಹಾಲು ಕುಡಿದ 2 ವರ್ಷದ ಮಗುವಿಗೆ ಹಸಿವೆಲ್ಲಿಂದ ಬರಬೇಕು? ಹಾಲನ್ನು ತಿಂಡಿಯ ಜೊತೆಗೆ ಕೊಡಿ, ನಡುನಡುವೆ ಬರೀ ನೀರು. ಹಲ್ಲಿಗೂ ಇದೇ ಒಳ್ಳೆಯದು: ಸಿಹಿ, ಹಿಟ್ಟಿನ ಪದಾರ್ಥ ತಿಂದಾಗಲೆಲ್ಲ ಬಾಯಲ್ಲಿ ಹುಳಿ ಹುಟ್ಟುತ್ತದೆ, ಅದು ತಗ್ಗಲು ಅರ್ಧ ಗಂಟೆಯಾದರೂ ಬೇಕು. ದಿನವಿಡೀ ಮೆಲ್ಲುತ್ತಿದ್ದರೆ ಹಲ್ಲಿಗೆ ಆ ಬಿಡುವೇ ಸಿಗುವುದಿಲ್ಲ.

ಮುಚ್ಚಳಗಟ್ಟಿ:
ಒಪ್ಪಿದೆ. ಹಾಗಾದರೆ ನಾಲ್ಕನ್ನೂ ರಾತ್ರಿ ತುಂಬಿ ಮೇಲೆ ಇಟ್ಟು, ಹೊತ್ತಿಗೆರಡರಂತೆ ಕೆಳಗಿಳಿಸಿದರಾಯಿತು.

ಡಬ್ಬಿಗೂಡು:
ಎಲ್ಲರಿಗೂ ಧನ್ಯವಾದ. ಫ್ರಿಜ್‌ನ ತಟ್ಟಿನ ಬಗ್ಗೆಯೂ ಹೇಳಿ. ಹೆಚ್ಚಿಟ್ಟ ಸೇಬು ಕಪ್ಪಾಗುತ್ತದೆ, ತೊಳೆದಿಟ್ಟ ದ್ರಾಕ್ಷಿ ಬೂಷ್ಟು ಹಿಡಿಯುತ್ತದೆ.

ತಣ್ಣನೆಮೂಲೆ:
ದ್ರಾಕ್ಷಿಯನ್ನು ತೊಳೆಯದೆ ಇಡಿ, ತಿನ್ನುವ ಮುಂಚೆ ತೊಳೆಯಿರಿ. ತೊಟ್ಟಿನ ಬುಡದಲ್ಲಿ ನಿಂತ ನೀರೇ ಬೂಷ್ಟಿಗೆ ಮೂಲ. ಸೇಬಿಗೆ ಒಂದು ಲೋಟ ತಣ್ಣೀರಿಗೆ ಒಂದು ಚಮಚ ನಿಂಬೆರಸ ಬೆರೆಸಿ, ತುಂಡುಗಳನ್ನು 3–5 ನಿಮಿಷ ಮುಳುಗಿಸಿ, ನೀರು ಬಸಿದು ಡಬ್ಬಿಗೆ ಹಾಕಿ. ಹುಳಿ ಬಿದ್ದರೆ ಕಪ್ಪಾಗಿಸುವ ಕಿಣ್ವದ ಕೆಲಸ ನಿಧಾನವಾಗುತ್ತದೆ. ಹೆಚ್ಚಿದ ಹಣ್ಣು ಹೊರಗೆ 2 ಗಂಟೆಗಿಂತ ಹೆಚ್ಚು ಇರಬಾರದು, ಕೋಣೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ.

ಮೊಸರು, ಚೀಸ್ ಬಾಗಿಲಿನ ತಟ್ಟಿನಲ್ಲಿ ಬೇಡ, ತೆರೆದಾಗಲೆಲ್ಲ ಮೊದಲು ಬಿಸಿಯಾಗುವುದು ಅದೇ. ಒಳಗಿನ ತಟ್ಟಿನಲ್ಲಿ 4 ಡಿಗ್ರಿ ಅಥವಾ ಕಡಿಮೆ ಇರಲಿ. ಮೊಸರನ್ನು ದೊಡ್ಡ ಡಬ್ಬಿಯಿಂದ ನೇರ ತಿನ್ನಿಸಬೇಡಿ, ಎಂಜಲು ಚಮಚ ಒಮ್ಮೆ ಹೋದರೆ ಉಳಿದದ್ದು ಬೇಗ ಕೆಡುತ್ತದೆ. ಬಟ್ಟಲಿಗೆ ಹಾಕಿಕೊಂಡೇ ಕೊಡಿ.

ಬಾದಾಮಿ, ಗೋಡಂಬಿಯ ದಾಸ್ತಾನು ಹೆಚ್ಚಿದ್ದರೆ ಅದನ್ನೂ ಫ್ರಿಜ್‌ಗೆ ತಳ್ಳಿ, ಎಣ್ಣೆ ಅಂಶ ಬಿಸಿ ಬೆಳಕಿಗೆ ಬೇಗ ಕಮಟು ಹಿಡಿಯುತ್ತದೆ. ಹೊರತೆಗೆದ ಕೂಡಲೇ ಮುಚ್ಚಳ ತೆರೆಯಬೇಡಿ. ಡಬ್ಬಿಯ ತಣ್ಣನೆ ಬಿಡುವವರೆಗೆ ಕಾಯಿರಿ, ಇಲ್ಲದಿದ್ದರೆ ಹೊರಗಿನ ತೇವವೆಲ್ಲ ಬೀಜದ ಮೇಲೆ ಹನಿಗಟ್ಟುತ್ತದೆ.